ಐದೂ ಆರಾಮ

ನವೆಂಬರ್ ಆರು, ಗುರುವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಎಲ್ಲವೂ ಆಗಲೇ ಶುರುವಾಯಿತು ಎಂಬುದು ಈಗ ಗೊತ್ತಿದೆ. ಆ ಹೊತ್ತಿಗೆ ನನ್ನ ಡೈರಿಯಲ್ಲಿ ನಾನು ಬರೆದುಕೊಂಡದ್ದು ಇಷ್ಟು: ‘ಊಟ, ಬಿಸಿಬೇಳೆ ಬಾತ್. ಗೋಡೆ, ಐದೂ ಆರಾಮ.’

ಗೋಡೆ ಎಂದರೆ ನಮ್ಮ ಆಫೀಸಿನ ಗೋಡೆಗೆ ನೇತುಹಾಕಿದ ದೊಡ್ಡ ಪರದೆ. ಆಫೀಸು ಜೆ.ಪಿ. ನಗರದ ಮೂರನೇ ಹಂತದಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿದೆ. ಸಂಜೆ ನಾಲ್ಕರ ಹೊತ್ತಿಗೆ ಕೆಳಗಿನಿಂದ ಖಾರದ ಬನ್ನಿನ ವಾಸನೆ ಬಂದರೆ ಯಾರಿಗೂ ಕೆಲಸದ ಮೇಲೆ ಗಮನ ಇರುವುದಿಲ್ಲ. ನಾವು ಮಾಡುವುದು ಶಾಲೆಯ ವ್ಯಾನುಗಳು ಈಗ ಎಲ್ಲಿವೆ ಎಂದು ತಂದೆ ತಾಯಿಯರ ಫೋನಿನಲ್ಲಿ ತೋರಿಸುವ ಕೆಲಸ. ಅದರಲ್ಲಿ ನನ್ನ ಪಾಲು, ಆ ತೋರಿಸುವ ಯಂತ್ರಗಳು ಚೆನ್ನಾಗಿವೆಯೇ ಎಂದು ನೋಡುತ್ತಿರುವುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಮ್ಮ ಕೇಳಿದ್ದಳು:

‘ಏನು ಕೆಲ್ಸ ನಿಂದು?’

‘ನೋಡ್ಕೊಳ್ಳೋದು.’

‘ಏನನ್ನ?’

‘ಮಷೀನುಗಳು ಹುಷಾರಾಗಿವೆಯಾ ಅಂತ.’

‘ಓಹೋ, ಡಾಕ್ಟ್ರು!’

‘ಇಲ್ಲಮ್ಮ, ನರ್ಸು. ಬರೀ ಜ್ವರ ನೋಡಿ ಬರ್ಕೊಳ್ಳೋದು.’

ಈ ಕೆಲಸವನ್ನು ನನಗಿಂತ ಚೆನ್ನಾಗಿ ವಿವರಿಸುವವಳು ನನ್ನ ಪಕ್ಕದ ಮೇಜಿನ ಸಹೋದ್ಯೋಗಿ. ಗದಗದ ಕಡೆಯವಳು. ಜೂನಿನಲ್ಲಿ ಸೇರಿದಳು, ಬಿ.ಟಿ.ಎಂ. ಲೇಔಟಿನ ಒಂದು ಪಿಜಿಯಲ್ಲಿ ಇರುತ್ತಾಳೆ. ಹೊಸಬರಿಗೆ ಅವಳು ಹೇಳುವುದು ಹೀಗೆ: ‘ಇದು ನಮ್ ಪಿಜಿ ಇದ್ದಂಗ ನೋಡ್ರಿ. ನಮ್ಮ ಒಂದೊಂದು ಸಣ್ಣ ಪ್ರೋಗ್ರಾಮೂ ತನಗ ಬೇಕಾದ್ದೆಲ್ಲಾ ಒಂದ್ ಟ್ರಂಕಿನ್ಯಾಗ ತುಂಬ್ಕೊಂಡು ಬಂದಿರ್ತದ. ಅದಕ್ಕ ಕಂಟೈನರ್ ಅಂತಾರ. ಅವು ಇರೋ ಒಂದೊಂದು ಮಷೀನೂ ಒಂದೊಂದು ಬಿಲ್ಡಿಂಗ್. ಎಲ್ಲಾ ಬಿಲ್ಡಿಂಗ್ ಸೇರಿದ್ರ ಕ್ಲಸ್ಟರ್. ಒಂದ್ ಬಿಲ್ಡಿಂಗ್ ಬಂದ್ ಆದ್ರ ವಾರ್ಡನ್ ಏನ್ ಮಾಡ್ತಾಳ? ಟ್ರಂಕ್ ಸಮೇತ ಎಲ್ಲಾರ್ನೂ ಬಾಜೂ ಬಿಲ್ಡಿಂಗಿಗೆ ಕಳಸ್ತಾಳ. ಅಷ್ಟ.’

ಹಾಗೆ ಕಳಿಸುವುದು ತಾನಾಗಿಯೇ ನಡೆಯುತ್ತದೆ. ವಾರ್ಡನ್ ಕೂಡ ಒಂದು ಪ್ರೋಗ್ರಾಮೇ. ನಮ್ಮಲ್ಲಿ ಇರುವುದು ಐದು ಕಟ್ಟಡಗಳು. ಪ್ರತಿಯೊಂದನ್ನೂ ಕ್ಷಣಕ್ಕೊಮ್ಮೆ ‘ಇದ್ದೀಯಾ?’ ಎಂದು ಕೇಳಲಾಗುತ್ತದೆ. ಬಂದ ಉತ್ತರ ಗೋಡೆಯ ಮೇಲೆ ಕಾಣುತ್ತದೆ. ಕೆಲಸಕ್ಕೆ ಬೇಡದಿದ್ದರೂ ನಾನು ಅದನ್ನು ದಿನಕ್ಕೆ ಮೂರು ಸಲ ಡೈರಿಗೆ ಇಳಿಸುತ್ತೇನೆ. ಬಸ್ಸಿನ ನಂಬರು, ಮಳೆ ಬಂದ ಹೊತ್ತು, ದೋಸೆಯ ಬೆಲೆ ಏರಿದ ದಿನ ಇವನ್ನೆಲ್ಲ ಬರೆದುಕೊಳ್ಳುವವರಿಗೆ ಇದೊಂದು ಹೆಚ್ಚಲ್ಲ.

ಆ ಗೋಡೆಯಲ್ಲಿ ಮೊದಲು ಇಂಗ್ಲಿಷ್ ಇತ್ತು, ಹಸಿರು ಕೆಂಪು ಬಣ್ಣವಿತ್ತು. ಒಂದನೇ ತಾರೀಖು ಶನಿವಾರ ಬಂದಿದ್ದರಿಂದ ನಮ್ಮಲ್ಲಿ ರಾಜ್ಯೋತ್ಸವ ಸೋಮವಾರ, ಮೂರರಂದು. ಪ್ರತಿ ವರ್ಷದ ಹಾಗೆ ಬಾಗಿಲಿಗೆ ಹಳದಿ ಕೆಂಪು ಬಲೂನು, ಮೇಜಿನ ಮೇಲೆ ಮೈಸೂರು ಪಾಕು, ರೇಷ್ಮೆ ಪಂಚೆ ಉಟ್ಟು ಬಂದು ಕುರ್ಚಿಯ ಚಕ್ರಕ್ಕೆ ಸಿಕ್ಕಿಸಿಕೊಂಡವರು ಇಬ್ಬರು. ಈ ಸಲದ ಹೊಸತೆಂದರೆ ಗದಗದವಳು ಗೋಡೆಯನ್ನೂ ಕನ್ನಡಕ್ಕೆ ತಿರುಗಿಸಿದ್ದಳು. ಐದು ಚೌಕ, ಐದೂ ಬಾವುಟದ ಬಣ್ಣದವು, ಮೇಲೆ ಹಳದಿ ಕೆಳಗೆ ಕೆಂಪು. ಮೇಲೆ ಯಂತ್ರದ ನಂಬರು, ಕೆಳಗೆ ಅದರ ಸ್ಥಿತಿ. ಚೆನ್ನಾಗಿದ್ದರೆ ‘ಆರಾಮ’. ಇಲ್ಲದಿದ್ದರೆ ‘ಆರಾಮಿಲ್ಲ’. ಬಣ್ಣ ಬದಲಾಗುತ್ತಿರಲಿಲ್ಲ, ಪದ ಮಾತ್ರ ಬದಲಾಗುತ್ತಿತ್ತು. ಅವಳು ಅಂದೇ ನಮಗೆಲ್ಲ ಓದಿ ಹೇಳಿದಳು, ನಾವು ಚಪ್ಪಾಳೆ ತಟ್ಟಿದೆವು. ಬಲೂನು ಮಂಗಳವಾರ ಇಳಿದವು. ಗೋಡೆಯನ್ನು ಹಾಗೆಯೇ ಬಿಟ್ಟೆವು, ನೋಡಲು ಚೆನ್ನಾಗಿತ್ತು.

ಅವಳು ಓದಿ ಹೇಳಿದಾಗ ಇಲ್ಲದಿದ್ದವರು ಒಬ್ಬರೇ, ನಮ್ಮ ಟೀಮ್ ಲೀಡ್. ಮೂರು ತಲೆಮಾರಿನಿಂದ ಬಸವನಗುಡಿ, ಈಗ ಬನಶಂಕರಿ ಎರಡನೇ ಹಂತ. ಸುಬ್ರಹ್ಮಣ್ಯಪುರದಲ್ಲಿ ತಂಗಿಯ ಮನೆಯ ಗೃಹಪ್ರವೇಶವೆಂದು ಆ ವಾರ ರಜೆ ಹಾಕಿದ್ದ ಅವರು ಗುರುವಾರ ಬೆಳಿಗ್ಗೆ ವಾಪಸಾದರು. ಗೋಡೆ ನೋಡಿ ‘ಸಖತ್ತಾಗಿದೆ’ ಎಂದರು. ಆಮೇಲೆ ನಡೆದದ್ದನ್ನು ಅವರೇ ನನಗೆ ಹೇಳಿದ್ದು, ಹಾಗಾಗಿ ಅವರ ಮನಸ್ಸಿನಲ್ಲಿ ಓಡಿದ್ದನ್ನೂ ಧೈರ್ಯವಾಗಿ ಬರೆಯುತ್ತಿದ್ದೇನೆ.

ಎರಡು ಗಂಟೆ ಹತ್ತು ನಿಮಿಷಕ್ಕೆ ಅವರು ಗೋಡೆಯನ್ನು ಸರಿಯಾಗಿ ನೋಡಿದರು. ಐದೂ ಆರಾಮ. ಎಲ್ಲ ವ್ಯಾನೂ ನಿಂತಿರುವ ಹೊತ್ತು, ಇರಲಿ ಎಂದುಕೊಂಡರು. ಹಿಂದಿನ ದಿನಗಳದ್ದನ್ನು ತೆಗೆದು ನೋಡಿದರು. ಬೆಳಿಗ್ಗೆ ಎಂಟು ಗಂಟೆ, ಜಯನಗರದ ಮಕ್ಕಳೆಲ್ಲ ರಸ್ತೆಯಲ್ಲಿರುವ ಹೊತ್ತು. ಆಗಲೂ ಐದೂ ಆರಾಮ. ಮಧ್ಯಾಹ್ನ ಶಾಲೆ ಬಿಡುವ ಹೊತ್ತು, ಆಗಲೂ ಆರಾಮ. ಅವರಿಗೆ ಸಿಟ್ಟು ಬಂತಂತೆ. ಇಷ್ಟು ದಿನ ಐದು ಯಂತ್ರ ಓಡಿಸುತ್ತಿದ್ದೇವೆ, ಒಂದಕ್ಕೂ ಕೆಲಸವಿಲ್ಲವಲ್ಲ! ಒಂದನ್ನು ನಿಲ್ಲಿಸಿದರು. ಅದರೊಳಗಿದ್ದ ಟ್ರಂಕುಗಳೆಲ್ಲ ಪಕ್ಕದ ಕಟ್ಟಡಗಳಿಗೆ ಹೋದವು. ಉಳಿದ ನಾಲ್ಕೂ ಆರಾಮ. ಇನ್ನೊಂದನ್ನು ನಿಲ್ಲಿಸಿದರು. ಮೂರೂ ಆರಾಮ. ಮತ್ತೊಂದು. ಎರಡು ಉಳಿದವು, ಎರಡೂ ಆರಾಮ. ಒಂದೇ ಸಾಕಿತ್ತೇನೋ ಎನ್ನಿಸಿದರೂ, ಯಾವುದಕ್ಕೂ ಜೊತೆ ಇರಲಿ ಎಂದು ಎರಡನ್ನು ಬಿಟ್ಟು ಚಹಾಕ್ಕೆ ಹೋದರು. ಬೇಕೆಂದೇ ನಿಲ್ಲಿಸಿದ ಯಂತ್ರಕ್ಕೆ ನಮ್ಮಲ್ಲಿ ಎಚ್ಚರಿಕೆಯ ಗಂಟೆ ಹೊಡೆಯುವುದಿಲ್ಲ.

ಮೂರೂಕಾಲಿಗೆ ಶಾಲೆಗಳು ಬಿಟ್ಟವು, ಎಲ್ಲ ವ್ಯಾನುಗಳ ಭಾರವೂ ಆ ಎರಡೇ ಯಂತ್ರಗಳ ಮೇಲೆ ಬಿತ್ತು. ಮೂರೂ ಇಪ್ಪತ್ತಕ್ಕೆ ಮೊದಲ ಫೋನ್ ಬಂತು, ಮೂರೂವರೆಗೆ ಎಲ್ಲರ ಫೋನೂ ಕಿರುಚುತ್ತಿದ್ದವು. ನಾನು ಎತ್ತಿದ ಮೊದಲನೆಯದು ಅರಕೆರೆಯ ಒಬ್ಬ ತಾಯಿಯದು.

‘ವ್ಯಾನು ಬಿಳೇಕಹಳ್ಳಿ ಸಿಗ್ನಲ್‌ನಲ್ಲೇ ನಿಂತುಬಿಟ್ಟಿದೆ, ಏನಾಯ್ತು?’

‘ಮೇಡಂ, ನಿಂತಿರೋದು ಮ್ಯಾಪು. ವ್ಯಾನ್ ಬರ್ತಾ ಇದೆ.’

‘ಅದನ್ನ ಮೊದ್ಲೇ ಹೇಳ್ಬಾರ್ದಾ? ಆ ಸಿಗ್ನಲ್ ಅಲ್ವಾ, ನಿಂತಿದ್ರೂ ನಿಂತಿರತ್ತೆ ಅಂತ ಇಷ್ಟೊತ್ತು ನಂಬ್ಕೊಂಡಿದ್ದೆ. ಈಗ ನೋಡಿದ್ರೆ ಮಗು ಬಾಗ್ಲು ಬಡೀತಿದೆ!’

ಅದೇ ಹೊತ್ತಿಗೆ ಗದಗದವಳು ಒಳಗಿನ ಕೋಣೆಯಲ್ಲಿ ಒಂದು ಶಾಲೆಯವರ ಜೊತೆ ಫೋನಿನಲ್ಲಿದ್ದವಳು ಹೊರಗೆ ಬಂದಳು. ಗೋಡೆಯಲ್ಲಿ ಎರಡೇ ಚೌಕ. ಎರಡರಲ್ಲೂ ‘ಆರಾಮಿಲ್ಲ’. ಲೀಡ್ ಚಹಾದ ಲೋಟ ಹಿಡಿದು ಅದನ್ನೇ ನೋಡುತ್ತ ನಿಂತಿದ್ದರು, ಅವರ ಮುಖದಲ್ಲಿ ಸಮಾಧಾನವಿತ್ತು.

‘ನೋಡಿ, ಈಗ ಸರಿಯಾಗಿ ಕೆಲ್ಸ ಮಾಡ್ತಿವೆ,’ ಎಂದರು.

‘ಅಯ್ಯ, ಎರಡೂ ಆರಾಮಿಲ್ಲಲ್ರಿ ಸರ್! ಉಳಿದ ಮೂರು ಎಲ್ಲಿ ಹೋದ್ವು?’

‘ಆರಾಮಾಗಿದ್ವಲ್ಲಮ್ಮ, ನಿಲ್ಲಿಸ್ದೆ.’

‘ಆರಾಮ ಇದ್ದದ್ದನ್ನ ಯಾಕ ನಿಲ್ಲಸ್ತಾರ್ರಿ?’

‘ಆರಾಮಾಗಿದ್ರೆ ನಿಲ್ಲಿಸ್ದೆ ಇನ್ನೇನಮ್ಮ ಮಾಡ್ತಾರೆ?’

ಫೋನುಗಳು ಹೊಡೆದುಕೊಳ್ಳುತ್ತಿದ್ದವು. ಇಬ್ಬರಲ್ಲಿ ಯಾರೂ ತಪ್ಪು ಕನ್ನಡ ಆಡಿರಲಿಲ್ಲ. ಅವಳ ಊರಿನಲ್ಲಿ ಆರಾಮ ಎಂದರೆ ಆರೋಗ್ಯ. ಜ್ವರ ಬಂದವರಿಗೆ ಆರಾಮಿಲ್ಲ. ಅವರ ಬಡಾವಣೆಯಲ್ಲಿ ಆರಾಮ ಎಂದರೆ ಬಿಡುವು, ಕಾಲು ಚಾಚಿ ಕೂರುವುದು. ದುಡಿಯುವವರಿಗೆ ಆರಾಮಿಲ್ಲ. ಗೋಡೆ ಹೇಳಿದ್ದನ್ನೆಲ್ಲ ಇಬ್ಬರೂ ಓದಿದ್ದರು, ಇಬ್ಬರಿಗೂ ಅರ್ಥವಾಗಿತ್ತು. ಮೂರನ್ನೂ ಮತ್ತೆ ಎಬ್ಬಿಸಿ, ಟ್ರಂಕುಗಳು ಸ್ವಸ್ಥಾನ ಸೇರಿ ಮ್ಯಾಪು ಚಲಿಸತೊಡಗಿದಾಗ ನಾಲ್ಕು ಗಂಟೆ. ಮಕ್ಕಳೆಲ್ಲ ಮನೆ ಸೇರಿದ್ದರು. ಕೆಳಗೆ ಖಾರದ ಬನ್ನು ಆಗಿತ್ತು, ಯಾರೂ ಇಳಿಯಲಿಲ್ಲ.

ಸಂಜೆ ಕಂಪನಿಯ ಯಜಮಾನರ ಫೋನು ಬಂತು. ಶಾಲೆಗಳಿಗೆ ಪತ್ರ ಹೋಗಬೇಕು, ಕನ್ನಡದಲ್ಲಿ, ಕಾರಣ ಒಂದೇ ಸಾಲಿನಲ್ಲಿರಬೇಕು, ಸೋಮವಾರ ಹನ್ನೊಂದು ಗಂಟೆಗೆ ಅವರ ಕೈಗೆ ಬರಬೇಕು. ಲೀಡ್ ಆಗಲೇ ಒಂದು ಸಾಲು ಗೀಚಿದ್ದರು: ‘ಫಲಕದಲ್ಲಿ ತಪ್ಪು ಪದ ಬಳಸಿದ್ದರಿಂದ ಈ ಅಡಚಣೆ ಉಂಟಾಯಿತು.’ ಅದನ್ನು ನನ್ನ ಕೈಗಿಟ್ಟು, ‘ಮಗಾ, ನೀನು ಎಲ್ಲ ಟೈಮ್ ಬರ್ಕೊಂಡಿರ್ತೀಯಲ್ಲ. ಏನೇನಾಯ್ತು ಅಂತ ಕ್ರಮವಾಗಿ ಬರೆದು ಕೊನೇಲಿ ಇದನ್ನ ಹಾಕು’ ಎಂದರು. ಅವರಲ್ಲಿ ಕೆಡುಕು ಇರಲಿಲ್ಲ. ನಿಜಕ್ಕೂ ಹಾಗೆಯೇ ನಂಬಿದ್ದರು.

ಆದರೆ ಆ ಸಾಲಿನಲ್ಲಿ ಹೆಸರಿಲ್ಲದಿದ್ದರೂ, ಫಲಕ ಮಾಡಿದವರು ಯಾರೆಂದು ಎಲ್ಲರಿಗೂ ಗೊತ್ತು. ಅವಳ ಪ್ರೊಬೇಷನ್ ಮುಗಿಯುವುದು ಆ ತಿಂಗಳ ಕೊನೆಗೆ. ಕೆಲಸ ಕಾಯಂ ಆಗುವುದೋ ಇಲ್ಲವೋ ಎಂದು ತೀರ್ಮಾನಿಸುವ ಯಜಮಾನರೇ ಆ ಪತ್ರಕ್ಕೆ ಸಹಿ ಹಾಕುವವರು. ಮೆಟ್ಟಿಲಿಳಿಯುವಾಗ ಅವಳು ಅಂದಳು: ‘ಆ ಒಂದ್ ಸಾಲು ಹೋದ್ರ ನಂದು ಮುಗೀತು. ನನ್ ತಪ್ಪಿದ್ರ ಬರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಪದ ತಪ್ಪು ಅಂತ ಬರೀಬ್ಯಾಡ. ನಮ್ಮವ್ವ ದಿನಾ ಫೋನ್ ಮಾಡಿ ಕೇಳೋ ಪದ ಅದು.’

ಪದ ತಪ್ಪೋ ಸರಿಯೋ? ಕ್ರಮವಾಗಿ ಬರೆಯುವವರಿಗೆ ಇದು ಕೇಳಲೇಬೇಕಾದ ಪ್ರಶ್ನೆ. ಶುಕ್ರವಾರವೂ ಶನಿವಾರವೂ ಸಿಕ್ಕಸಿಕ್ಕವರನ್ನೆಲ್ಲ ಕೇಳಿದೆ. ಡೈರಿಯಲ್ಲಿ ಎರಡು ಪಟ್ಟಿ ಮಾಡಿಕೊಂಡೆ, ಒಂದು ಕಡೆ ಆರೋಗ್ಯ, ಒಂದು ಕಡೆ ಬಿಡುವು. ಅಮ್ಮನಿಂದ ಶುರು.

‘ಆರಾಮ ಅಂದ್ರೆ ಏನಮ್ಮ?’

‘ಭಾನುವಾರ ನಿಮ್ಮಪ್ಪ.’

ಬಿಡುವಿಗೆ ಒಂದು. ನಮ್ಮ ಜಯನಗರ ನಾಲ್ಕನೇ ಬ್ಲಾಕಿನ ಹೂವಿನವರು ಬಿಡುವು ಅಂದರು. ಆಟೋದವರು, ‘ಆರಾಮಾ? ನಮ್ಗೆಲ್ಲಿಂದ ಬರ್ಬೇಕು ಸ್ವಾಮಿ!’ ಎಂದರು. ಅದನ್ನೂ ಬಿಡುವಿಗೇ ಹಾಕಿದೆ. ಮನೆಯ ಮೇಲಿನ ಅಂಕಲ್ ಮಾತ್ರ ಎರಡೂ ಹೌದು ಎಂದು, ನಲವತ್ತು ನಿಮಿಷ ಕಾರಣ ಕೊಟ್ಟರು. ಶನಿವಾರ ಮಧ್ಯಾಹ್ನ ಗದಗದವಳು ಬಿ.ಟಿ.ಎಂ.ನಲ್ಲಿ ತಾನು ಉಣ್ಣುವ ಖಾನಾವಳಿಗೆ ಕರೆದುಕೊಂಡು ಹೋದಳು. ರೊಟ್ಟಿ ತಟ್ಟುತ್ತಿದ್ದ ಅಕ್ಕ ನನ್ನ ಪ್ರಶ್ನೆ ಕೇಳಿ ತಿರುಗಿಯೂ ನೋಡಲಿಲ್ಲ. ‘ಆರಾಮ ಅಂದ್ರ ಆರಾಮ. ಆರಾಮಿಲ್ಲ ಅಂದ್ರ ಜ್ವರ, ನೆಗಡಿ, ಏನರೆ ಜಡ್ಡು. ಇದನ್ನ ಕೇಳಾಕ ಜಯನಗರದಿಂದ ಬಂದ್ರೇನು?’ ಅಲ್ಲಿ ಉಣ್ಣುತ್ತಿದ್ದವರೆಲ್ಲ ಅದನ್ನೇ ಹೇಳಿದರು. ಆರೋಗ್ಯದ ಕಡೆಯ ಪಟ್ಟಿ ಒಂದೇ ಊಟದಲ್ಲಿ ತುಂಬಿತು.

ಹಾಗಾದರೆ ನಮ್ಮ ಕಡೆಯ ಪದ ಇಡಬೇಕಿತ್ತು ಎಂದುಕೊಂಡೆ. ನಮ್ಮಲ್ಲಿ ಜ್ವರ ಬಂದರೆ ಹುಷಾರಿಲ್ಲ, ಬಿಟ್ಟರೆ ಹುಷಾರು. ಎದುರಿಗೆ ಕೂತು ರೊಟ್ಟಿ ಮುರಿಯುತ್ತಿದ್ದ ಒಬ್ಬ ಹುಡುಗನನ್ನು ಕೇಳಿದೆ: ‘ಒಂದು ಮಷೀನಿನ ಮೇಲೆ ಹುಷಾರು ಅಂತ ಬರೆದಿದ್ರೆ ನೀವು ಏನಂತ ತಿಳ್ಕೋತೀರಿ?’

ಅವನು ಕೈ ಹಿಂದಕ್ಕೆಳೆದುಕೊಂಡ. ‘ಯಾಕ, ಕರೆಂಟ್ ಹೊಡೀತೈತೇನ್ರಿ?’

ಗದಗದವಳು ನಕ್ಕು ನಕ್ಕು ಮಜ್ಜಿಗೆ ಚೆಲ್ಲಿಕೊಂಡಳು. ಗುರುವಾರದಿಂದ ಅವಳು ನಕ್ಕದ್ದು ಅದೇ ಮೊದಲು. ನಾನು ಬೇಗ ಬೇಗ ಬರೆದುಕೊಂಡೆ. ಅವನದು ಸರಿಯೇ. ‘ನಾಯಿ ಇದೆ, ಹುಷಾರು’ ಎಂದು ನಮ್ಮ ಬೀದಿಯ ಗೇಟಿನ ಮೇಲೂ ಇದೆಯಲ್ಲ. ನಾವು ‘ಹುಷಾರು’ ಎಂದು ಹಾಕಿದ್ದರೆ ಅವಳು ಯಂತ್ರದ ಹತ್ತಿರವೇ ಹೋಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಎರಡು ಪಟ್ಟಿಗಳನ್ನೂ ಮುಂದಿಟ್ಟುಕೊಂಡು ಕೂತೆ. ಆರೋಗ್ಯ ಹನ್ನೊಂದು, ಬಿಡುವು ಒಂಬತ್ತು, ಎರಡೂ ಎಂದವರು ಒಬ್ಬರು. ಎಣಿಕೆಯಿಂದ ಏನೂ ತೀರ್ಮಾನವಾಗಲಿಲ್ಲ. ಪದ ತಪ್ಪಲ್ಲ ಎನ್ನಬಹುದು, ಆಗ ಓದಿದವರು ತಪ್ಪು ಎಂದಾಗುತ್ತದೆ, ಅದೂ ನಿಜವಲ್ಲ. ಅಡುಗೆಮನೆಯಲ್ಲಿ ಅಮ್ಮ ಎಂದಿನಂತೆ ಬಸವನಗುಡಿಯ ಚಿಕ್ಕಮ್ಮನಿಗೆ ಫೋನು ಹಚ್ಚಿದ್ದಳು. ಸ್ಪೀಕರಿನಲ್ಲಿ ಹಾಕಿ ಬೀನ್ಸ್ ಹೆಚ್ಚುವುದು ಅವಳ ಕ್ರಮ.

‘ಹುಷಾರಾಗಿದ್ಯೇನೇ?’

‘ಹ್ಞೂಂ, ಹುಷಾರಾಗಿದೀನಿ.’

‘ಏನ್ ಮಾಡ್ತಿದ್ದೆ?’

‘ಅಯ್ಯೋ, ಉಸಿರಾಡೋಕೆ ಪುರುಸೊತ್ತಿಲ್ಲ. ಮನೆ ತುಂಬ ನೆಂಟ್ರು.’

ವರ್ಷಗಳಿಂದ ಕೇಳುತ್ತಿರುವ ಮಾತು. ಅಂದು ಮಾತ್ರ ಪೆನ್ನು ಕೆಳಗಿಟ್ಟೆ. ಅಮ್ಮ ಒಂದಲ್ಲ, ಎರಡು ಪ್ರಶ್ನೆ ಕೇಳುತ್ತಾಳೆ, ಅದೂ ಯಾವಾಗಲೂ ಇದೇ ಕ್ರಮದಲ್ಲಿ. ಮೊದಲು ಹೇಗಿದ್ದೀಯ, ಆಮೇಲೆ ಏನು ಮಾಡುತ್ತಿದ್ದೀಯ. ಹಿಂದಿನ ಭಾನುವಾರ ಚಿಕ್ಕಮ್ಮ ‘ಹುಷಾರಾಗಿದೀನಿ, ಸುಮ್ನೆ ಕೂತಿದ್ದೆ’ ಎಂದಿದ್ದಳು. ಮೊದಲ ಉತ್ತರ ಎರಡು ವಾರವೂ ಒಂದೇ. ಎರಡನೆಯ ಉತ್ತರ ಬಂದ ಮೇಲೇ ಅಮ್ಮ, ಹೋಗಿ ಸಹಾಯ ಮಾಡಬೇಕೋ ಹರಟೆ ಹೊಡೆಯಬೇಕೋ ಎಂದು ನಿರ್ಧರಿಸುವುದು. ಗದಗದವಳ ಅವ್ವನೂ ‘ಆರಾಮದಿ? ಏನ್ ಮಾಡಾಕತ್ತಿ?’ ಎಂದೇ ಕೇಳುತ್ತಾಳೆ, ಪಕ್ಕದ ಮೇಜಿಗೆ ದಿನಾ ಕೇಳಿಸುತ್ತದೆ.

ನಮ್ಮ ಗೋಡೆ ಕೇಳುತ್ತಿದ್ದದ್ದು ಮೊದಲ ಪ್ರಶ್ನೆಯನ್ನು ಮಾತ್ರ. ಹೊಸ ಗೋಡೆ ಕೆಲಸವನ್ನೂ ತೋರಿಸುತ್ತದೆ ಎಂದುಕೊಂಡ ಲೀಡ್ ಅಲ್ಲಿ ಹುಡುಕುತ್ತಿದ್ದದ್ದು ಎರಡನೆಯದರ ಉತ್ತರವನ್ನು. ಇಂಗ್ಲಿಷಿನ ಕಾಲದಲ್ಲೂ ಅಲ್ಲಿ ಒಂದೇ ಪದ ಇತ್ತು. ಯಂತ್ರಕ್ಕೆ ಎಷ್ಟು ಕೆಲಸವಿದೆ ಎಂಬುದು ಬೇರೆ ಪುಟದಲ್ಲಿತ್ತು, ಅದನ್ನು ಯಾರೂ ಗೋಡೆಗೆ ತಂದಿರಲಿಲ್ಲ.

ಸೋಮವಾರ ಹತ್ತು ಗಂಟೆಗೆ ನನ್ನ ಬರಹ ಲೀಡ್ ಕೈಗೆ ಕೊಟ್ಟೆ. ಕ್ರಮವಾಗಿ ಸಮಯಗಳು, ಕೊನೆಯಲ್ಲಿ ಅವರ ಸಾಲಿನ ಬದಲು ನನ್ನದು: ‘ಯಂತ್ರ ಹೇಗಿದೆ ಎಂಬುದನ್ನಷ್ಟೇ ಹೇಳುತ್ತಿದ್ದ ಫಲಕವನ್ನು, ಅದು ಏನು ಮಾಡುತ್ತಿದೆ ಎಂದು ಹೇಳುವ ಫಲಕವೆಂದು ಓದಲಾಯಿತು.’ ಅದರ ಕೆಳಗೆ ಅಮ್ಮನ ಎರಡು ಪ್ರಶ್ನೆಗಳನ್ನೂ ಬರೆದಿದ್ದೆ. ಗದಗದವಳು ತನ್ನ ಮೇಜಿನಲ್ಲಿ ಕೀಬೋರ್ಡು ಒರೆಸುತ್ತಿದ್ದಳು, ಆಗಲೇ ಒರೆಸಿದ್ದನ್ನೇ.

ಲೀಡ್ ಎರಡು ಸಲ ಓದಿದರು. ‘ಓದಲಾಯಿತು ಅಂದ್ರೆ? ಯಾರು ಓದಿದ್ದು?’

ನಾನು ಡೈರಿ ತೆರೆದು ಗುರುವಾರದ ಪುಟ ಹುಡುಕತೊಡಗಿದೆ.

‘ನಮ್ಮಪ್ಪ ಕನ್ನಡ ಮೇಷ್ಟ್ರು. ಈ ಆಯಿತು-ಲಾಯಿತು ಬರೆದ್ರೆ ಕಿವಿ ಹಿಂಡೋರು. ವಾಕ್ಯಕ್ಕೆ ಕರ್ತೃ ಬೇಕು ಮಗಾ.’ ಪೆನ್ನು ತೆಗೆದು ಕೊನೆಯ ಪದವನ್ನು ಹೊಡೆದುಹಾಕಿದರು. ‘ನಾನು ಓದಿದೆ’ ಎಂದು ಬರೆದು ಕೆಳಗೆ ತಮ್ಮ ಹೆಸರು ಹಾಕಿದರು. ಆಮೇಲೆ ಕುರ್ಚಿ ತಿರುಗಿಸಿ ಅವಳನ್ನು ಕರೆದರು. ‘ಇಲ್ಲಿ ನೋಡಮ್ಮ. ನಿನ್ನ ಪದ ಸರಿಯಾಗೇ ಇತ್ತು. ಓದಿದೋನು ಬೇರೆ ಜಿಲ್ಲೆಯವನು, ಅಷ್ಟೇ.’

ಅವಳು ಹಾಳೆ ಓದಿ ಹಿಂದಕ್ಕೆ ಕೊಟ್ಟಳು. ಕಣ್ಣು ಒದ್ದೆಯಾಗಿತ್ತು, ಬಾಯಿ ಸುಮ್ಮನಿರಲಿಲ್ಲ. ‘ಸರ್, ಈಗ ಆರಾಮ ಅದೀರಿಲ್ರಿ?’

‘ಯಾವ ಆರಾಮಮ್ಮ?’

ಇಡೀ ಮಹಡಿ ನಕ್ಕಿತು. ಹನ್ನೊಂದಕ್ಕೆ ಪತ್ರ ಹೋಯಿತು. ನವೆಂಬರ್ ಇಪ್ಪತ್ತೆಂಟು, ಶುಕ್ರವಾರ, ಅವಳ ಕೆಲಸ ಕಾಯಂ ಆದ ಕಾಗದ ಬಂತು. ಆವತ್ತು ಖಾರದ ಬನ್ನು ಅವಳದೇ ಲೆಕ್ಕ.

ಈಗ ಗೋಡೆಯಲ್ಲಿ ಪ್ರತಿ ಚೌಕಕ್ಕೂ ಎರಡು ಮನೆ. ಮೊದಲನೆಯದರ ತಲೆಯಲ್ಲಿ ‘ಹೇಗಿದೆ?’, ಎರಡನೆಯದರ ತಲೆಯಲ್ಲಿ ‘ಏನು ಮಾಡುತ್ತಿದೆ?’. ಎರಡನೆಯದು ಸುಲಭವಾಯಿತು: ಬಿಡುವಾಗಿದೆ, ದುಡಿಯುತ್ತಿದೆ, ತಾಳಲಾರದು. ಮೂರೂ ಪದ ಖಾನಾವಳಿಯಲ್ಲೂ ನಮ್ಮ ಮನೆಯಲ್ಲೂ ಒಂದೇ ಅರ್ಥ ಕೊಟ್ಟವು, ಪರೀಕ್ಷಿಸಿದ್ದೇನೆ. ಮೊದಲನೆಯದು ಮಾತ್ರ ಇನ್ನೂ ಬಗೆಹರಿದಿಲ್ಲ. ‘ಚೆನ್ನಾಗಿದೆ’ ಎಂದರೆ ನೋಡಲೋ ಎಂದು ಒಬ್ಬರು ಕೇಳಿದರು. ‘ಸುಸ್ಥಿತಿ’ಗೆ ಸರ್ಕಾರಿ ಕಚೇರಿಯ ವಾಸನೆ. ‘ಕ್ಷೇಮ’ ಎಂದು ಬರೆದ ದಿನ ಲೀಡ್, ‘ಹಿರಿಯರಿಗೆ ನಮಸ್ಕಾರಗಳು ಅಂತನೂ ಸೇರಿಸ್ಬಿಡಿ’ ಎಂದರು. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಪರಿಚಯದವರನ್ನು ಕೇಳಿದರೆ, ‘ರನ್ನಿಂಗ್ ಕಂಡೀಷನ್’ ಎಂದು ಅಚ್ಚ ಕನ್ನಡದ ಧಾಟಿಯಲ್ಲೇ ಹೇಳಿದರು. ಸದ್ಯಕ್ಕೆ ಆ ಮನೆಯಲ್ಲಿ ಒಂದು ಸರಿ ಗುರುತು ಇದೆ, ಪದವಿಲ್ಲ.

ನಮ್ಮ ಜನ ತಲೆಮಾರುಗಳಿಂದ ಗಾಣ, ರಾಟೆ, ಪಂಪು, ಹಿಟ್ಟಿನ ಗಿರಣಿ, ಬಸ್ಸು ಎಲ್ಲವನ್ನೂ ಓಡಿಸಿದ್ದಾರೆ. ಅವು ನಿಂತಿದ್ದರೂ ಓಡುತ್ತಿದ್ದರೂ ಸರಿ, ಒಳಗೇನೂ ಕೆಟ್ಟಿಲ್ಲ ಎನ್ನಲು ಅವರಿಗೆ ಒಂದು ಮಾತು ಇದ್ದೇ ಇರಬೇಕು. ಬೀದರಿನಲ್ಲಿ ಅದಕ್ಕೆ ಏನನ್ನುತ್ತಾರೆ? ಕುಂದಾಪುರದಲ್ಲಿ? ಚಾಮರಾಜನಗರದಲ್ಲಿ? ನಿಮ್ಮ ಮನೆಯಲ್ಲಿ ಮೋಟಾರು ಇಳಿಸಿದವರು, ಗಿರಣಿ ನಡೆಸಿದವರು ಆಡುತ್ತಿದ್ದ ಮಾತು ನೆನಪಿದ್ದರೆ ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಪದದ ಜೊತೆಗೆ ಅದು ಯಾವ ಊರಿನದೆಂದು, ಅಲ್ಲಿ ಅದಕ್ಕೆ ಇನ್ನೊಂದು ಅರ್ಥವಿದ್ದರೆ ಅದನ್ನೂ ತಿಳಿಸಿ. ಆ ಇನ್ನೊಂದು ಅರ್ಥವೇ ನಮಗೆ ಮುಖ್ಯ.